ಒರತೆಯ ಬಳಿ ಕೂತವನು

ನದಿ ಬತ್ತಿ ಬರಿ ಮರಳು ಉಳಿದಿದ್ದ ವೈಶಾಖದಲ್ಲಿ ಚನ್ನಮಲ್ಲ ಹೆಂಡತಿ ಮಗಳೊಡನೆ ಗುರುಗಳ ಆಶ್ರಮಕ್ಕೆ ಬಂದ.

ಅವನು ಹನ್ನೊಂದು ತಿಂಗಳು ಊರೂರು ಸುತ್ತಿ ಕಂಬಳಿ ಮಾರುವವನು. ಕಡು ಬೇಸಗೆಯಲ್ಲಿ ಕಂಬಳಿ ಕೇಳುವವರಿಲ್ಲ. ಮನೆಯಲ್ಲಿ ಇರುವುದು ಆ ಒಂದು ತಿಂಗಳು.

"ಗುರುಗಳೇ, ಮೂರು ವರ್ಷದ ಮಗಳು ನನ್ನ ಹತ್ತಿರ ಬರುವುದಿಲ್ಲ. ನಾನು ಬಾಗಿಲಿಗೆ ಬಂದರೆ 'ಅವ್ವಾ, ಕಂಬಳಿಯವರು ಬಂದರು' ಎನ್ನುತ್ತಾಳೆ."

ಹೆಂಡತಿ ನೀಲವ್ವ ಸೆರಗಿನಲ್ಲಿ ನಗು ಮುಚ್ಚಿಕೊಂಡಳು.

"ಬೊಂಬೆ ತಂದೆ, ಬೆಂಡುಬತ್ತಾಸು ತಂದೆ. ಕಿತ್ತುಕೊಂಡು ಓಡುತ್ತಾಳೆ. ಮತ್ತೆ ಹೊರಡಲು ಇನ್ನು ಆರೇ ದಿನ. ಅಷ್ಟರಲ್ಲಿ ಅವಳು ನನ್ನನ್ನು ಒಪ್ಪಿಕೊಳ್ಳಬೇಕು. ಏನಾದರೂ ಉಪಾಯ ಹೇಳಿ."

"ತಿಂಗಳ ಉಳಿದ ದಿನಗಳು ಎಲ್ಲಿ ಹೋದವು?" ಎಂದರು ಗುರುಗಳು.

"ಮನೆಯ ಮಾಡು ಹೊದಿಸಿದ್ದು, ನೆಂಟರ ಮನೆ ಸುತ್ತಿದ್ದು," ಎಂದಳು ನೀಲವ್ವ. "ಒಂದು ದಿನ ಕೂತು ಉಂಡಿದ್ದರೆ ಕೇಳಿ."

ಗುರುಗಳು ಅವನ ಕೈಗೆ ಬಿಂದಿಗೆ, ಕರಟ ಕೊಟ್ಟರು.

"ನೀರು ತರೋಣ ಬಾ. ಒರತೆ ತೋಡಬೇಕು. ಎಲ್ಲರೂ ಹೋಗೋಣ."

ದಡದ ಹೊಂಗೆಮರದ ನೆರಳು ಚಾಚಿದ್ದಲ್ಲಿ ಚನ್ನಮಲ್ಲ ಮರಳು ಬಗೆದ. ಮೊಳದಾಳದಲ್ಲಿ ನೀರು ಜಿನುಗಿತು. ಕೂಡಲೇ ಕರಟ ಅದ್ದಿದ. ಬಂದದ್ದು ಕೆಸರು.

ಇನ್ನೂ ಆಳಕ್ಕೆ ತೋಡಿದ. ಪಕ್ಕದ ಮರಳು ಕುಸಿದು ಗುಂಡಿ ಮುಚ್ಚಿತು. ಇನ್ನೊಂದು ತೋಡಿದ. ಅದೂ ಕುಸಿಯಿತು.

"ಹೀಗೇ ತೋಡಿ. ಸಂಜೆಗೆ ಕೆರೆ ಆಗುತ್ತದೆ, ನೀರೊಂದು ಇರುವುದಿಲ್ಲ," ಎಂದಳು ನೀಲವ್ವ.

"ಹಾಗಾದರೆ ನೀನೇ ಬಾ."

"ನಾನು ಒಲ್ಲೆ. ನನಗೆ ನೆರಳು ಸಿಕ್ಕಿದೆ."

ಗುರುಗಳು ಮಂಡಿಯೂರಿ, ಅಂಗೈಯಿಂದ ಮರಳು ಸವರುತ್ತ ಬಟ್ಟಲಿನಂತೆ ಅಗಲವಾಗಿ ಒಂದು ಗುಂಡಿ ಮಾಡಿದರು.

"ಈಗ ನಾನೇನು ಮಾಡಲಿ?"

"ಕೂರು."

"ಕೂತು?"

"ಕೂತಿರು."

ಕೂತ. ಕೈ ಎರಡು ಸಲ ಕರಟದತ್ತ ಹೋಗಿ ಹಿಂದೆ ಬಂತು.

ನೀರು ಕಣ್ಣಿಗೆ ಗೊತ್ತಾಗದಷ್ಟು ನಿಧಾನವಾಗಿ ಏರಿತು. ಕೆಸರು ಇಳಿಯಿತು. ತಳದಲ್ಲಿ ಒಂದೇ ಒಂದು ಕಡೆ ಮರಳಿನ ಕಣಗಳು ಏಳುತ್ತಿದ್ದವು, ಬೀಳುತ್ತಿದ್ದವು. ಕೆಳಗೆ ಯಾರೋ ಮಲಗಿ ಉಸಿರಾಡುತ್ತಿದ್ದ ಹಾಗೆ.

ಎಷ್ಟೋ ಬೇಸಗೆ ಈ ಮರಳನ್ನು ಅವನು ದಾಟಿ ಹೋಗಿದ್ದ. ತನ್ನ ಕಾಲಡಿಯಲ್ಲಿ ನದಿ ಹರಿಯುತ್ತಲೇ ಇತ್ತೆಂದು ಅವನಿಗೆ ತಿಳಿದಿರಲಿಲ್ಲ. ತಾನು ಯಾಕೆ ಬಂದೆನೆಂಬುದೂ ಮರೆತುಹೋಯಿತು.

ಭುಜದ ಬಳಿ ಬಿಸಿಯುಸಿರು ತಾಕಿತು. ಮಗಳು ದಾನಮ್ಮ ಬಗ್ಗಿ ನೋಡುತ್ತಿದ್ದಳು.

"ಒಳಗೆ ಯಾರಿದ್ದಾರೆ?"

"ಗೊತ್ತಿಲ್ಲವ್ವ."

"ಹೊರಗೆ ಬರ್ತಾರಾ?"

"ನೋಡೋಣ."

ನೆರಳು ಸರಿದಿತ್ತು. ಮರಳು ಕಾಲು ಸುಡುತ್ತಿತ್ತು. ಅವಳು ಅವನ ತೊಡೆ ಏರಿ ಕೂತಳು, ಬೀಳದಂತೆ ಅವನ ಹೆಬ್ಬೆರಳು ಹಿಡಿದುಕೊಂಡಳು.

ಒರತೆ ತಿಳಿಯಾಗಿ ಅದರಲ್ಲಿ ಆಕಾಶ ಕಂಡಿತು.

ಚನ್ನಮಲ್ಲ ತಲೆ ತಿರುಗಿಸದೆ, ಪಿಸುದನಿಯಲ್ಲಿ ಕೇಳಿದ. "ಗುರುಗಳೇ, ತುಂಬಿಕೊಂಡು ಏಳಲೇ?"

"ತಡಿ," ಎಂದರು ಗುರುಗಳು. "ನದಿ ಇನ್ನೂ ಬರುತ್ತಿದೆ."