ಆರುವ ಹೊಂಡದ ನೀಲಿ ಹೂಗಳು

ಮಕ್ಕಳೇ, ಒಂದು ಕಾಡಿನ ಅಂಚಿನಲ್ಲಿ ಕಲ್ಲುಹಾಸಿನ ಬಯಲಿತ್ತು. ಬೇಸಿಗೆಯಲ್ಲಿ ಅಲ್ಲಿ ಕೆಂಪು ಕಲ್ಲು ಬಿಟ್ಟರೆ ಏನೂ ಕಾಣದು. ಮಳೆ ಹಿಡಿದರೆ ಕಲ್ಲಿನ ತಗ್ಗಿನಲ್ಲಿ ಗೇಣಾಳವೂ ಇಲ್ಲದ ನೀರು ನಿಂತು, ಅದರ ಅಂಚಿನಲ್ಲಿ ನೀಲಿ ಹೂಗಳು ಏಳುತ್ತಿದ್ದವು. ಅಕ್ಕಿಕಾಳಿನಷ್ಟು ಹೂ, ಕೂದಲಿನಂಥ ತೊಟ್ಟು. ಮಂಜು ಕವಿದಾಗ ತೊಟ್ಟು ಕಾಣಿಸದೆ ಹೂಗಳಷ್ಟೇ ತೇಲಿದಂತಿರುತ್ತಿದ್ದವು. ಗಾಳಿಯಿಲ್ಲದಾಗಲೂ ತಲೆ ಆಡಿಸುತ್ತಿದ್ದವು. ಯಾರ ಮಾತಿಗೆ ಹೂಂಗುಟ್ಟುತ್ತಿದ್ದವೋ, ಆ ಭಗವಂತನಿಗೇ ಗೊತ್ತು.

ಆ ಹೊಂಡದಲ್ಲಿ ದುಗ್ಗಕ್ಕ ಎಂಬ ಕಪ್ಪೆಯ ಮುನ್ನೂರು ಗೊದಮೊಟ್ಟೆಗಳು ಆಡಿಕೊಂಡಿದ್ದವು. ಬಯಲಿನ ಮೇಲ್ಗಡೆ ವರ್ಷವಿಡೀ ಆರದ ಹಳೆಯ ಕೆರೆ. ಕೆರೆಗೂ ಬಯಲಿಗೂ ನಡುವೆ ಮಣ್ಣಿನ ಏರಿ. ಏರಿಯ ಬುಡದ ಬಿಲದಲ್ಲಿ ಸಂಕಣ್ಣ ಎಂಬ ಮುದಿ ಏಡಿ.

ಒಮ್ಮೆ ನಾಲ್ಕು ದಿನ ಮಳೆ ಬಿಟ್ಟು ಬಿಸಿಲು ಬಿತ್ತು. ಹೊಂಡದ ಅಂಚು ಒಂದು ಬೆರಳಿನಷ್ಟು ಒಳಸರಿಯಿತು. ಮಕ್ಕಳಿಗೆ ಇನ್ನೂ ಕಾಲು ಬಂದಿರಲಿಲ್ಲ. ದುಗ್ಗಕ್ಕ ಹೆದರಿದಳು. ಏರಿಗೆ ಒಂದು ತೂತು ಕೊರೆದು ಕೆರೆಯ ನೀರು ಬಿಡು ಎಂದು ಅವಳು ಸಂಕಣ್ಣನ ಬೆನ್ನು ಹತ್ತಿದಳು.

"ಈ ಹೊಂಡ ವರ್ಷ ವರ್ಷ ಆರುತ್ತೆ ದುಗ್ಗಕ್ಕ. ದೇವರು ಕಾಲು ಕೊಟ್ಟ ಮೇಲೇ ನೀರು ತೆಗೀತಾನೆ. ನಿನಗೂ ಹಾಗೇ ಕೊಟ್ಟಿದ್ದ."

"ಈ ಸಲ ಮರೆತರೆ? ನಿನ್ನ ಮಕ್ಕಳಾಗಿದ್ದರೆ ಹೀಗೆ ಕೂತು ವೇದಾಂತ ಹೇಳ್ತಿದ್ದೆಯಾ ಸಂಕಣ್ಣ?"

ಆ ಮಾತು ಮುದುಕನಿಗೆ ನಾಟಿತು. ಅವನು ಏರಿ ಕೊರೆದ.

ನೀರು ಹರಿದು ಬಂತು. ಹೊಂಡ ತುಂಬಿತು. ಹೂಗಳೂ ಮುಳುಗಿದವು. ನೀರಿನಡಿಯಿಂದ ಅವು ಮೇಲೆ ನೋಡುತ್ತ, ಒಂದೊಂದಾಗಿ ಬಿಳಿಚಿಕೊಂಡವು. ದುಗ್ಗಕ್ಕ ಅದನ್ನು ಗಮನಿಸಲಿಲ್ಲ. ಆ ರಾತ್ರಿ ನೆಮ್ಮದಿಯಿಂದ ನಿದ್ದೆ ಮಾಡಿದಳು.

ಬೆಳಗ್ಗೆ ಬಯಲೆಲ್ಲ ಮಂಜು. ಹೊಂಡ ಮೌನವಾಗಿತ್ತು. ಮಕ್ಕಳನ್ನು ಕರೆದಳು. ಅರ್ಧದಷ್ಟೂ ಬರಲಿಲ್ಲ. ಮತ್ತೆ ಕರೆದಳು. ಇನ್ನೂ ಕಡಿಮೆ ಬಂದವು.

ನೀರಿನಡಿಯಿಂದ ಒಂದು ತಣ್ಣನೆಯ ದನಿ ಕೇಳಿತು. ಕೆರೆಯ ಕಪ್ಪು ಮೀನು ತೂತಿನಿಂದ ನುಸುಳಿ ಬಂದು ತಳದಲ್ಲಿ ಮಲಗಿತ್ತು.

"ಹುಡುಕಬೇಡ ತಾಯಿ. ಏರಿಯಾಚೆ ಮಕ್ಕಳಾಡೋ ಸದ್ದು ಎಷ್ಟೋ ವರ್ಷದಿಂದ ಕೇಳ್ತಿದ್ದೆ. ದಾರಿ ಇರಲಿಲ್ಲ. ನೀನೇ ಮಾಡಿಸಿಕೊಟ್ಟೆ."

ದುಗ್ಗಕ್ಕ ಏರಿಯತ್ತ ಹಾರಿ ಸಂಕಣ್ಣನಿಗೆ ಎಲ್ಲ ಹೇಳಿದಳು. ಅವನು ತೂತಿಗೆ ಮಣ್ಣು ಮೆತ್ತಿ, ಅದು ಜಾರದಂತೆ ತನ್ನ ಬೆನ್ನನ್ನೇ ಕೊಟ್ಟು ಕೂತ. ಇನ್ನು ಕೇಳುವುದಾದರೆ ಮೇಲಿನವನನ್ನೇ ಕೇಳು ಎಂದ.

ನೀರಿಗಾಗಿ ಕಾಡಿದ್ದ ಅದೇ ಬಾಯಿ ಈಗ ಬೇಡಿತು. "ದೇವರೇ, ಈ ನೀರು ಆರಲಿ."

ಮಕ್ಕಳೇ, ಅವನ ಕರುಣೆ ದೊಡ್ಡದು. ಮಂಜು ಸರಿದು ಬಿಸಿಲು ಬಂತು. ದಿನಕ್ಕೊಂದು ಬೆರಳು ನೀರು ಇಳಿಯಿತು. ಉಳಿದ ಮರಿಗಳು ಅಂಚಿಗೆ ಹೋಗಿ, ಇನ್ನೂ ನಿಂತಿದ್ದ ಹೂತೊಟ್ಟುಗಳ ನಡುವಿನ ತೆಳು ನೀರಿನಲ್ಲಿ ಅಡಗಿದವು. ಮೀನಿಗೆ ಅಲ್ಲಿ ಮೈ ತೂರಲಾಗಲಿಲ್ಲ. ಅದು ಸುತ್ತು ಹಾಕಿತು. ಸುತ್ತು ಚಿಕ್ಕದಾಗುತ್ತ ಬಂತು. ಕಡೆಗೆ ಅದರ ಬೆನ್ನು ನೀರಿನಿಂದ ಹೊರಗೆ ಬಂತು.

"ಸ್ವಲ್ಪ ನೀರು ಬಿಡಿಸು ತಾಯಿ," ಎಂದಿತು ಮೀನು, ಅದೇ ತಣ್ಣನೆಯ ದನಿಯಲ್ಲಿ.

ದುಗ್ಗಕ್ಕ ಅಂಚಿನ ಮರಿಗಳತ್ತ ತಿರುಗಿದಳು.

ಹೊಂಡ ಪೂರ್ತಿ ಆರಿದ ದಿನ, ಮುನ್ನೂರರಲ್ಲಿ ಉಳಿದ ಹನ್ನೊಂದು ಮರಿಗಳು ಹೊಸ ಕಾಲಿನಲ್ಲಿ ಕುಪ್ಪಳಿಸಿ ಕಲ್ಲು ಹತ್ತಿದವು. ಕಾಲು ಬಂದ ಮೇಲೇ ನೀರು ಹೋಗಿತ್ತು, ಸಂಕಣ್ಣ ಹೇಳಿದ್ದು ತಪ್ಪಿರಲಿಲ್ಲ.

ಮುಂದಿನ ಮಳೆಗೆ, ಬಿರುಕುಬಿಟ್ಟ ಕೆಸರಿನಲ್ಲಿ ಮಲಗಿದ್ದ ಬೀಜಗಳೆಲ್ಲ ಎದ್ದು ಬಯಲು ಮತ್ತೆ ನೀಲಿಯಾಯಿತು. ನಡುವೆ ಒಂದು ಮೀನಿನುದ್ದದ ಜಾಗ ಮಾತ್ರ ಬರಿದಾಗೇ ಉಳಿಯಿತು. ಸುತ್ತಲಿನ ಹೂಗಳು ಅದರ ಕಡೆಗೇ ಬಾಗಿರುತ್ತವೆ. ವಟಗುಟ್ಟುತ್ತ ಬರುವ ಕಪ್ಪೆಗಳು ಅಲ್ಲಿಗೆ ಬಂದಾಗ ಸುಮ್ಮನಾಗುತ್ತವೆ. ದುಗ್ಗಕ್ಕನೊಬ್ಬಳು ಅಲ್ಲಿ ನಿಂತು, ಆರುತ್ತಿರುವ ನೀರಿಗೆ ಕೈ ಮುಗಿಯುತ್ತಾಳೆ.

ನೀತಿ: ದೇವರು ಕೊಡುವಾಗ ಇರುವ ನಂಬಿಕೆ ಅವನು ಹಿಂತೆಗೆದುಕೊಳ್ಳುವಾಗಲೂ ಇರಲಿ, ಭಯಪಟ್ಟು ನಾವು ತೆರೆದ ದಾರಿಯಲ್ಲಿ ನಾವು ಕರೆಯದವರೂ ಬರುತ್ತಾರೆ.