ಸೌಟಮ್ಮನ ಮುಚ್ಚಿದ ಬಟ್ಟಲು

ಕಂಪ್ಯೂಟರಿನ ಭಾಷೆಗೂ ಅಡುಗೆಮನೆಯ ಹಾಗೆ ಸೌಟು, ಜರಡಿಯಂಥ ಸಿದ್ಧ ಸಲಕರಣೆ ತುಂಬಿದ ಉಗ್ರಾಣ ಇರುತ್ತದಂತೆ. ಅಂಥ ಒಂದು ಭಾಷೆಗೆ ಹೊಸ ಉಗ್ರಾಣ ಕಟ್ಟುತ್ತಿದ್ದರು. ಹಳೇ ಸೌಟಮ್ಮನಿಗೆ ಅಲ್ಲಿ ಜಾಗ ಸಿಗುವುದೇ ಅನುಮಾನ. ಪಾತ್ರೆ ಬರಿದಾಗಿದ್ದರೆ ಬಾಯಿ ಬಡಿದುಕೊಂಡು ಇಡೀ ಪಂಕ್ತಿಯನ್ನೇ ಎಬ್ಬಿಸುವ ಮಹಾತಾಯಿ ಅವಳು!

ಹೊಸ ಸೌಟು ಹುಡುಗಿ ಮಾತ್ರ ಪಾತ್ರೆಯಲ್ಲಿ ಏನಾದರೂ ಇರಲಿ, ಇಲ್ಲದಿರಲಿ, ಪಂಕ್ತಿಗೆ ಮುಚ್ಚಿದ ಬಟ್ಟಲನ್ನೇ ಒಯ್ಯುತ್ತಿದ್ದಳು.

"ಏನೇ, ಖಾಲಿಗೂ ಮುಸುಕೇ? ನಾಚಿಕೆಯಿಲ್ಲವೇ?" ಎಂದಳು ಸೌಟಮ್ಮ.

"ಬಡಿಸುವವರು ಮುಚ್ಚಳ ತೆಗೆದು ನೋಡುತ್ತಾರೆ ದೊಡ್ಡಮ್ಮ. ಒಳಗೆ ಏನೂ ಇಲ್ಲದಿದ್ದರೆ ಬೇರೇನಾದರೂ ಬಡಿಸುತ್ತಾರೆ. ಅದಕ್ಕೇಕೆ ರಂಪ?"

ಅಷ್ಟರಲ್ಲಿ ಸೌಟಮ್ಮನ ಮುಂದೆಯೇ ಬರಿದಾದ ಪಾತ್ರೆ ಬಂತು. ಅವಳು ಕಿರುಚುವ ಮೊದಲೇ ಚಿಕ್ಕವಳು ತನ್ನ ಮುಚ್ಚಿದ ಬಟ್ಟಲನ್ನು ಅವಳ ಕೈಗಿತ್ತಳು. ಸೌಟಮ್ಮ ಅದನ್ನೇ ಒಯ್ದಳು; ಬಡಿಸುವವರು ಮುಚ್ಚಳ ತೆಗೆದು, ಖಾಲಿ ಎಂದು ಕಂಡರು. ಪಂಕ್ತಿ ಏಳಲಿಲ್ಲ, ಅನ್ನದ ಬದಲು ಅವಲಕ್ಕಿ ಬಂತು, ಎಲ್ಲರೂ ಉಂಡರು.

"ಮುಚ್ಚಳ ಸ್ವಲ್ಪ ಸಡಿಲ ಕಣೇ," ಎಂದು ಗೊಣಗಿದ ಸೌಟಮ್ಮ, ಬಟ್ಟಲನ್ನು ಹಿಂದಿರುಗಿಸದೆ, ಅದನ್ನು ಹಿಡಿದುಕೊಂಡೇ ಹೊಸ ಉಗ್ರಾಣದ ಹೊಸಿಲು ದಾಟಿದಳು.