ಕಳಕಪ್ಪನ ಕೆರೆ

ನೂಲಗೇರಿಯ ಬಡಗಣ ಅಂಚಿನಲ್ಲಿ, ನೇಕಾರರ ಓಣಿ ಮುಗಿಯುವಲ್ಲಿ, ಒಂದು ಕೆರೆಯಿದೆ. ಮಳೆಗಾಲದಲ್ಲಿ ಹೋದವರಿಗೆ ನೀರಿನ ನಡುವೆ ಎರಡು ಕಲ್ಲುಕಂಬಗಳ ತಲೆ ಮಾತ್ರ ಕಾಣುತ್ತದೆ. ಮುಳುಗಿದ ಮಂಟಪವಿರಬೇಕೆಂದು ಕೆಲವರು ಕೈಮುಗಿದೂ ಬಿಡುತ್ತಾರೆ. ಕಳಕಪ್ಪನ ಕೆರೆ ಎಂದೊಡನೆ, ಅವನು ಕೆರೆ ಕಟ್ಟಿಸಿದ ಪುಣ್ಯಾತ್ಮನೋ, ಅದರಲ್ಲಿ ಮುಳುಗಿ ಸತ್ತವನೋ ಎಂದು ಕೇಳುವವರೇ ಹೆಚ್ಚು. ಎರಡೂ ಅಲ್ಲ. ಕಳಕಪ್ಪ ಈ ಕೆರೆಗೆ ಒಂದು ಬುಟ್ಟಿ ಮಣ್ಣನ್ನೂ ಹೊತ್ತವನಲ್ಲ. ಅವನು ಇಲ್ಲಿ ಹಾಕಿ ಆಟ ಆಡಿದವನು. ಆ ಕಂಬಗಳು ಗೋಲಿನವು.

ಹಿಂದೆ ಒಮ್ಮೆ, ಊರಿಗೆ ನಲ್ಲಿ ಬಾರದ ಕಾಲದಲ್ಲಿ, ಇದಕ್ಕೆ ಬರೀ ದೊಡ್ಡಕೆರೆ ಎನ್ನುತ್ತಿದ್ದರು. ಬೇಸಿಗೆಯಲ್ಲಿ ಅದರ ಅಂಗಳ ಒಣಗಿ ಕಣದಂತೆ ಗಟ್ಟಿಯಾಗುತ್ತಿತ್ತು. ಮಗ್ಗ ಬಿಟ್ಟೆದ್ದ ನೇಕಾರರು ಬಿದಿರಿನ ಗಳ ನೆಟ್ಟು ಕತ್ತಲಾಗುವವರೆಗೆ ಅಲ್ಲಿ ಆಡುತ್ತಿದ್ದರು. ಅವರಲ್ಲಿ ನೂಲಿಗೆ ಬಣ್ಣ ಹಾಕುವ ಗೌರವ್ವನ ಮಗ ಕಳಕಪ್ಪನ ಕೈಚಳಕವೇ ಬೇರೆ. ಹುಬ್ಬಳ್ಳಿಯ ಒಂದು ಸಣ್ಣ ಕ್ಲಬ್ಬಿನವರು ಅವನನ್ನು ಕರೆಸಿಕೊಂಡು ಆಡಿಸುತ್ತಿದ್ದರು. ದೊಡ್ಡ ತಂಡಕ್ಕೆ ಅವನು ಹೋಗಲೇ ಇಲ್ಲ, ಪತ್ರಿಕೆಯಲ್ಲಿ ಅವನ ಪಟ ಬರಲೇ ಇಲ್ಲ. ಊರಿಗೇನು ಅದರಿಂದ? ಆಟ ಮುಗಿಸಿ ಅವನು ಬಸ್ಸಿಳಿದರೆ ಚಹಾದಂಗಡಿಯವನು ಒಲೆ ಬಿಟ್ಟು ಎದ್ದು ಬರುತ್ತಿದ್ದ. ಗೆದ್ದರೂ ಸೋತರೂ ಕಳಕಪ್ಪನದು ಒಂದೇ ನಗು. ಅವನ ಪಕ್ಕದ ಮಗ್ಗದವನೂ ಜೀವದ ಗೆಳೆಯನೂ ಆದ ದಾವಲಸಾಬ ಊರ ತಂಡದ ಗೋಲಿ, ಗೋಲು ಕಾಯುವವನು. ಚೆಂಡು ಆಟದಲ್ಲಿರುವಾಗ ದಾವಲಸಾಬ ಕಂಬಗಳ ನಡುವಿನಿಂದ ಸರಿದದ್ದನ್ನು ಯಾರೂ ಕಂಡಿರಲಿಲ್ಲ.

ಒಂದು ಬೇಸಿಗೆಯ ಕೊನೆಗೆ ಕಳಕಪ್ಪ ವಿಷಮಜ್ವರದಲ್ಲಿ ತೀರಿಕೊಂಡ. ಊರಿಗೆ ಊರೇ ಅತ್ತಿತು. ಬಿದಿರನ್ನು ಕಿತ್ತು, ಒಂದು ಬದಿಯ ಗೋಲಿಗೆ ಅವನ ನೆನಪಿನ ಎರಡು ಕಲ್ಲುಕಂಬ ನೆಟ್ಟರು. ಅಲ್ಲಿಗೆ ನಿಂತಿದ್ದರೆ ಚೆನ್ನಾಗಿತ್ತು. ಆದರೆ ಮುಂಗಾರಿನ ಮೋಡ ಕಂಡೊಡನೆ ದಾವಲಸಾಬ ಮಗ್ಗ ಬಿಟ್ಟು ಅಂಗಳಕ್ಕೆ ಬಂದು ನಿಂತ. ಕಳಕಪ್ಪನ ಹೆಜ್ಜೆ ಬಿದ್ದ ನೆಲ ಮುಳುಗಿದರೆ ಅವನು ನಿಜವಾಗಿಯೂ ಹೋದಂತೆಯೇ ಎಂದು ಅವನಿಗನ್ನಿಸಿತು. “ಈ ಅಂಗಳಕ್ಕ ಇನ್ನ ನೀರು ಬರಬಾರದು” ಎಂದ. ಎಂಥ ಮಾತು! ಕೆರೆಗೆ ನೀರು ಬರಬಾರದಂತೆ! ಆದರೂ ದುಃಖದಲ್ಲಿದ್ದ ಊರು ಹೂಂ ಎಂದಿತು. ಹಳ್ಳದಿಂದ ಕೆರೆಗೆ ಬರುವ ಕಾಲುವೆಯ ಬಾಯಿಗೆ ಕಲ್ಲು ಮಣ್ಣು ಒಟ್ಟಿದರು. ದಾವಲಸಾಬ ಹಾಕಿ ಕೋಲು ಹಿಡಿದು ಅಲ್ಲೇ ಕಾವಲು ಕುಳಿತ. ಮುಂಗಾರಿನ ನೀರೆಲ್ಲ ಕೆರೆಯನ್ನು ಬಳಸಿ ಹಳ್ಳದಲ್ಲಿ ಹರಿದುಹೋಯಿತು.

ಕೆರೆ ತುಂಬದಿದ್ದರೆ ಅದರ ಕೆಳಗಿನ ಬಾವಿಗಳಲ್ಲಿ ಒರತೆ ಎಲ್ಲಿಂದ ಬರಬೇಕು? ಶ್ರಾವಣ ಕಳೆಯುವಷ್ಟರಲ್ಲಿ ಬಾವಿಗಳ ತಳ ಕಂಡಿತು. ನೂಲಿಗೆ ಗಂಜಿ ಹಾಕಲು ನೀರಿಲ್ಲ, ಬಣ್ಣ ಕಾಸಲು ನೀರಿಲ್ಲ. ಒಂದೊಂದೇ ಮಗ್ಗದ ಸದ್ದು ನಿಂತಿತು. ಒಡ್ಡು ಒಡೆಯಿರಿ ಎನ್ನಲು ಮಾತ್ರ ಯಾರಿಗೂ ಬಾಯಿಲ್ಲ. ಹೆತ್ತ ತಾಯಿಯ ಕಿವಿಗೆ ಬಿದ್ದರೆ ಏನು ಗತಿ ಎಂದು ಎಲ್ಲರಿಗೂ ಅಂಜಿಕೆ. ಗೌರವ್ವ ಹಾದುಹೋದರೆ ಕಳಕಪ್ಪನ ಹೆಸರು ಹಿಡಿದವರು ದನಿ ತಗ್ಗಿಸುತ್ತಿದ್ದರು. ಗೌರವ್ವನೋ, ಊರಿನವರ ಮನಸ್ಸು ನೋಯಿಸಬಾರದೆಂದು ತನ್ನ ಬಣ್ಣದ ಹಂಡೆ ಬೋರಲು ಹಾಕಿ ಸುಮ್ಮನಿದ್ದಳು.

ಹಿಂಗಾರಿನಲ್ಲಿ ಹಳ್ಳ ಮತ್ತೆ ತುಂಬಿ ಬಂದ ದಿನ ಅವಳು ಬರಿಗೊಡ ಹೊತ್ತು ಒಡ್ಡಿನ ಬಳಿ ಬಂದಳು ಎನ್ನುತ್ತಾರೆ. ದಾವಲಸಾಬ ಎದ್ದು ನಿಂತ.

“ದಾವಲಾ, ಕೆರಿಗೆ ಹೊಸಾ ನೀರು ಬಂದ ದಿನ ನನ್ನ ಮಗ ಏನ್ ಮಾಡ್ತಿದ್ದ?”

“ಬಿದಿರಿನ ಗಳ ಕಿತ್ತು ದಂಡಿಗೆ ಒಗದು, ಎಲ್ಲಾರಿಗಿಂತ ಮೊದಲ ನೀರಾಗ ಜಿಗೀತಿದ್ದ, ಯವ್ವಾ.”

“ಅಳ್ತಿದ್ದನೇನು, ಅಂಗಳ ಮುಳುಗ್ತು ಅಂತ?”

“ಇಲ್ಲವ್ವಾ. ಕೇಕೆ ಹಾಕ್ತಿದ್ದ.”

“ಮತ್ತ ನೀ ಯಾರ ಸಲುವಾಗಿ ಕಾಯಾಕತ್ತೀ?”

ದಾವಲಸಾಬ ತನ್ನ ಕೋಲಿನ ಕೊಕ್ಕೆಯಿಂದಲೇ ಕಲ್ಲುಗಳನ್ನು ಎಳೆದು ಒಡ್ಡು ಬಿಚ್ಚಿದ ಎನ್ನುತ್ತಾರೆ. ಗುದ್ದಲಿಯಿದ್ದ ಊರಿನಲ್ಲಿ ಇದು ಅತಿಯಾಯಿತೆಂದು ನಗುವವರೂ ಇದ್ದಾರೆ, ನಗಲಿ. ನೀರು ಅಂಗಳಕ್ಕೆ ನುಗ್ಗಿತು. ಅವನು ಓಡಿಹೋಗಿ ಕಲ್ಲುಕಂಬಗಳ ನಡುವೆ, ಹಿಂದೆ ಕಳಕಪ್ಪನ ಹೊಡೆತಕ್ಕೆ ಕಾಯುತ್ತಿದ್ದ ಹಾಗೆಯೇ, ಮೊಣಕಾಲು ಬಾಗಿಸಿ ನಿಂತ. ನೀರು ಮೊಣಕಾಲಿಗೆ ಬಂತು, ಸೊಂಟಕ್ಕೆ ಬಂತು. ಆಮೇಲೆ, ನೋಡುತ್ತಿದ್ದ ಊರಿನೆದುರು ಗಳಗಳ ಅಳುತ್ತ, ಕಂಬಗಳ ನಡುವಿನಿಂದ ಪಕ್ಕಕ್ಕೆ ಸರಿದ. ಗೌರವ್ವ ಕೊಡ ತುಂಬಿಕೊಂಡು ಹೊರಟಳು. ದಾರಿಯಲ್ಲಿ ಯಾರೋ ಎಲ್ಲಿಯ ನೀರೆಂದು ಕೇಳಿದರು. “ಕಳಕಪ್ಪನ ಕೆರೀದು” ಎಂದಳು. ಕೆರೆಗೆ ಹೆಸರು ಬಂದದ್ದು ಆ ತಾಯಿಯ ಬಾಯಿಂದ.

ಈಗಲೂ ಬೇಸಿಗೆಯಲ್ಲಿ ಅಂಗಳ ಒಣಗಿದರೆ ಆ ಕಂಬಗಳಿಗೇ ಆಟ ನಡೆಯುತ್ತದೆ. ಎದುರಿನ ಗೋಲಿಗೆ ಇಂದಿಗೂ ಬಿದಿರೇ. ಹೊಸ ನೀರು ಬಂದ ದಿನ ಆ ವರ್ಷದ ಗೋಲಿ ಕಲ್ಲುಕಂಬಗಳ ನಡುವೆ ತುಸುಹೊತ್ತು ನಿಂತು, ಪಕ್ಕಕ್ಕೆ ಸರಿಯುತ್ತಾನೆ. ದಂಡೆಯಲ್ಲಿ ಕೇಕೆ ಏಳುತ್ತದೆ. ಕೊಡ ಹೊತ್ತು ಎದುರಾದ ಹೆಂಗಸನ್ನು ಎಲ್ಲಿಯ ನೀರವ್ವಾ ಎಂದು ಕೇಳಿದರೆ, ಕಳಕಪ್ಪನ ಕೆರೀದು ಎನ್ನುತ್ತಾಳೆ. ಹಾಗೆನ್ನುವಾಗ ಈ ಊರಿನಲ್ಲಿ ಯಾರೂ ದನಿ ತಗ್ಗಿಸುವುದಿಲ್ಲ.